ಕೋಳಿ ಮೆತ್ತನೆ ಮೊಟ್ಟೆ ಇಡುತ್ತಿದೆಯಾ? ಕ್ಯಾಲ್ಸಿಯಂ ಸುರಿಯುವ ಮೊದಲು ಇಷ್ಟು ನೋಡಿ

ಮೊದಲ ಸಲ ನೋಡಿದಾಗ ಅದು ಮೊಟ್ಟೆ ಅಂತಲೇ ಗೊತ್ತಾಗಲಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದೆ. ಕೋಳಿಗಳು ರಾತ್ರಿ ಕೂರುವ ಗಳದ ಕೆಳಗೆ, ಹಿಕ್ಕೆಯ ನಡುವೆ, ಬೆಳ್ಳಗೆ ಮೆತ್ತಗೆ ಏನೋ ಬಿದ್ದಿತ್ತು. ಎತ್ತಿದರೆ ನೀರು ತುಂಬಿದ ಬಲೂನಿನ ಹಾಗೆ ಬೆರಳುಗಳ ನಡುವೆ ಜೋತುಬಿತ್ತು. ಒಳಗೆ ಹಳದಿ ಅಲ್ಲಾಡುವುದು ಕಾಣುತ್ತಿತ್ತು. ಚಿಪ್ಪೇ ಇಲ್ಲ, ಬರೀ ಪೊರೆ.

ನಮ್ಮ ಮನೆ ಇರುವುದು ತುಮಕೂರಿನ ಹೊರಗೆ. ಹಿತ್ತಲಲ್ಲಿ ಹನ್ನೊಂದು ಕೋಳಿ. ಬಿವಿ 380 ತಳಿಯವು ನಾಲ್ಕು, ಸ್ವರ್ಣಧಾರ ತಳಿಯವು ನಾಲ್ಕು, ಎರಡು ನಾಟಿ ಯಾಟೆ, ಒಂದು ಹುಂಜ. ಆ ವಾರ ಅಂಥವು ಇನ್ನೂ ಎರಡು ಸಿಕ್ಕವು. ಉಳಿದ ಮೊಟ್ಟೆಗಳೂ ಕೈಯಲ್ಲಿ ಹಿಡಿದರೆ ಸಾಕು, ಹೆಬ್ಬೆರಳು ಒಳಗೆ ಹೋಗುವಷ್ಟು ತೆಳು. ಪಕ್ಕದ ಮನೆ ಅಜ್ಜಿಗೆ ತೋರಿಸಿದೆ. "ಸುಣ್ಣ ಕಮ್ಮಿಯಾಗೈತೆ ಕಣಪ್ಪ, ಸುಣ್ಣದ ತಿಳಿ ಕುಡ್ಸು" ಅಂದರು. ಅಜ್ಜಿ ಹೇಳಿದ್ದರಲ್ಲಿ ಅರ್ಧ ಸರಿ. ಉಳಿದ ಅರ್ಧ ಕಂಡುಹಿಡಿಯುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನಾನು ಮಾಡಿದ ತಪ್ಪುಗಳನ್ನು ನೀವು ಮತ್ತೆ ಮಾಡುವುದು ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಒಂದು ಮೊಟ್ಟೆಯ ಚಿಪ್ಪು ಸುಮಾರು 5ರಿಂದ 6 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ 94–95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನಲ್ಲಿ ಇರುವುದೇ. ಅದರೊಳಗಿನ ಬರೀ ಕ್ಯಾಲ್ಸಿಯಂ ಲೆಕ್ಕ ಹಾಕಿದರೆ 2 ಗ್ರಾಂ ಚಿಲ್ಲರೆ. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ಒಂದು ಕೋಳಿಯ ಇಡೀ ಮೈಯಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 20 ಗ್ರಾಂ ಅಷ್ಟೇ. ಒಂದೊಂದು ಮೊಟ್ಟೆಗೂ ಅದು ಹತ್ತರಲ್ಲಿ ಒಂದು ಪಾಲನ್ನು ಹೊರಗೆ ಹಾಕುತ್ತದೆ. ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುವ ಬಿವಿ ಕೋಳಿಗೆ ಇದು ದಿನಾ ಬೀಳುವ ಖರ್ಚು. ಹದಿನೈದು ಮೊಟ್ಟೆ ಇಟ್ಟು ಕಾವು ಕೂತುಬಿಡುವ ನಾಟಿ ಕೋಳಿಗೆ ಈ ತಲೆನೋವು ಅಷ್ಟಿಲ್ಲ. ಅದಕ್ಕೇ ನಮ್ಮಜ್ಜಿಯ ಕಾಲದಲ್ಲಿ ತಿಪ್ಪೆ ಕೆದಕಿಕೊಂಡು ಬದುಕುತ್ತಿದ್ದ ಕೋಳಿಗಳ ಮೊಟ್ಟೆ ಕಲ್ಲಿನ ಹಾಗಿರುತ್ತಿತ್ತು. ಆಗಿನವರಿಗೆ ಏನೋ ಗುಟ್ಟು ಗೊತ್ತಿತ್ತು ಅಂತಲ್ಲ, ಆ ಕೋಳಿ ಇಡುತ್ತಿದ್ದುದೇ ಕಡಿಮೆ.

ಇನ್ನು ತಿನ್ನುವ ಕಡೆಯ ಲೆಕ್ಕ. ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಅಂಗಡಿಯ ಲೇಯರ್ ಫೀಡಿನಲ್ಲಿ, ಅಂದರೆ ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ ಆಹಾರದಲ್ಲಿ, ಕ್ಯಾಲ್ಸಿಯಂ ಸಾಮಾನ್ಯವಾಗಿ ನೂರಕ್ಕೆ 3.5ರಿಂದ 4 ಪಾಲು. ಅಲ್ಲಿಗೆ ಹೊಟ್ಟೆಗೆ ಹೋಗುವುದು ಸುಮಾರು 4 ಗ್ರಾಂ. ಮೈಗೆ ಹತ್ತುವುದು ಅದರಲ್ಲಿ ಅರ್ಧದಷ್ಟು, ಅಂದರೆ 2 ಗ್ರಾಂ. ಸರಿಯಾಗಿ ಒಂದು ಚಿಪ್ಪಿಗೆ ಸಾಕಾಗುವಷ್ಟು.

ಈಗ ನಾನು ಮಾಡುತ್ತಿದ್ದುದನ್ನು ಕೇಳಿ. ಫೀಡ್ ದುಬಾರಿ ಅಂತ ಅರ್ಧ ಫೀಡ್, ಅರ್ಧ ಅಕ್ಕಿ ನುಚ್ಚು. ಮೇಲೆ ರಾತ್ರಿ ಉಳಿದ ಅನ್ನ, ಮುದ್ದೆ. ಕೋಳಿಗಳು ಖುಷಿಯಾಗಿಯೇ ತಿನ್ನುತ್ತಿದ್ದವು. ಆದರೆ 55 ಗ್ರಾಂ ಫೀಡಿನಿಂದ ಬರುವುದು 2 ಗ್ರಾಂ, ಮೈಗೆ ಹತ್ತುವುದು 1 ಗ್ರಾಂ. ದಿನಾ ಒಂದು ಗ್ರಾಂ ಸಾಲ. ಆ ಸಾಲವನ್ನು ಕೋಳಿ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಮೊಟ್ಟೆ ಇಡುವ ಕೋಳಿಯ ಮೂಳೆಯೊಳಗೆ ಇದಕ್ಕೆಂದೇ ಒಂದು ಮೆದು ಮೂಳೆ ಬೆಳೆದಿರುತ್ತದೆ, ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ ಇದ್ದ ಹಾಗೆ. ಚಿಲ್ಲರೆ ಮುಗಿಯುವವರೆಗೆ ನಮಗೆ ಏನೂ ಗೊತ್ತಾಗುವುದಿಲ್ಲ. ಮುಗಿದ ಮೇಲೆ ಗಳದ ಕೆಳಗೆ ಬಲೂನು ಸಿಗುತ್ತದೆ.

ಹಾಗಾಗಿ ಚಿಪ್ಪು ತೆಳುವಾದರೆ ಮೊದಲ ಪ್ರಶ್ನೆ "ಯಾವ ಟಾನಿಕ್ ಕೊಡಲಿ" ಅಲ್ಲ. ದಿನಕ್ಕೆ ಏನೇನು, ಎಷ್ಟೆಷ್ಟು ತಿನ್ನುತ್ತಿದೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಎಸೆಯುವ ಚಪಾತಿಯೂ ಸೇರಬೇಕು.

ಒಂದು ಕೋಳಿಯದಾ, ಎಲ್ಲದರದ್ದಾ?

ಈ ಒಂದು ವಿಷಯ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಎಲ್ಲ ಮೊಟ್ಟೆಯೂ ತೆಳುವಾಗಿದ್ದರೆ ಫೀಡು, ನೀರು, ಬಿಸಿಲು, ರೋಗ ಈ ಕಡೆ ನೋಡಬೇಕು. ಒಂದೇ ಕೋಳಿಯದ್ದಾದರೆ ಅದರ ವಯಸ್ಸು, ಅದರ ಮೈ ನೋಡಬೇಕು. ಸ್ವಲ್ಪ ದಿನ ಗಮನಿಸಿದರೆ ಯಾರ ಮೊಟ್ಟೆ ಯಾವುದು ಅಂತ ತಾನಾಗಿಯೇ ಗೊತ್ತಾಗುತ್ತದೆ. ಒಬ್ಬಳದು ಉದ್ದ, ಒಬ್ಬಳದು ದುಂಡು, ಒಬ್ಬಳದರ ಮೇಲೆ ಕಂದು ಚುಕ್ಕೆ. ಗೊತ್ತಾಗದಿದ್ದರೆ ಅನುಮಾನ ಇರುವ ಕೋಳಿಯನ್ನು ಎರಡು ದಿನ ಮಂಕರಿ ಕೆಳಗೆ ನೀರು, ಫೀಡ್ ಜೊತೆ ಬೇರೆ ಇಡಿ. ಮಧ್ಯಾಹ್ನ ಮಾತ್ರ ನೆರಳಲ್ಲಿರಲಿ.

ತೆಳು ಅನ್ನುವುದನ್ನು ಕಣ್ಣಳತೆಗೆ ಬಿಡಬೇಡಿ. ನಾನು ಮಾಡುವುದು ಇಷ್ಟು. ಅಡುಗೆಮನೆ ತಕ್ಕಡಿಯಲ್ಲಿ ಹತ್ತು ಮೊಟ್ಟೆ ತೂಗಿ ಬರೆದುಕೊಳ್ಳುತ್ತೇನೆ. ಒಡೆದ ಮೇಲೆ ಅದೇ ಹತ್ತರ ಸಿಪ್ಪೆ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ತೂಗುತ್ತೇನೆ. ಸಿಪ್ಪೆ ಒಟ್ಟು ತೂಕದ ನೂರಕ್ಕೆ 9–10 ಪಾಲು ಇದ್ದರೆ ನಿಶ್ಚಿಂತೆ. ನನ್ನದು ಮೊದಲ ಸಲ 560 ಗ್ರಾಂ ಮೊಟ್ಟೆಗೆ 41 ಗ್ರಾಂ ಸಿಪ್ಪೆ ಬಂತು. ಏಳೂ ಕಾಲು ಪಾಲು. ಇದರಲ್ಲಿ ಒಂದು ಲಾಭ ಇದೆ: ಏನಾದರೂ ಬದಲಾಯಿಸಿದ ಮೇಲೆ ನಿಜಕ್ಕೂ ಸುಧಾರಿಸಿತಾ, ಅಥವಾ ನನ್ನ ಮನಸ್ಸಿಗೆ ಹಾಗನ್ನಿಸುತ್ತಿದೆಯಾ ಅಂತ ಅಂಕಿಯೇ ಹೇಳುತ್ತದೆ.

ಇನ್ನೊಂದು ಉಪಾಯ ಮೊಬೈಲ್ ಟಾರ್ಚ್. ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಯನ್ನು ಟಾರ್ಚ್ ಮೇಲೆ ಒತ್ತಿ ಹಿಡಿದರೆ ಒಳಗೆಲ್ಲ ಕಿತ್ತಳೆ ಬೆಳಕು ತುಂಬುತ್ತದೆ. ಕೂದಲೆಳೆಯಂಥ ಬಿರುಕು ಬಿಳಿ ಗೆರೆಯಾಗಿ ಕಾಣುತ್ತದೆ. ಸಣ್ಣ ಸಣ್ಣ ಬೆಳಕಿನ ಚುಕ್ಕೆ ಅಲ್ಲಲ್ಲಿ ಇದ್ದರೆ ಹೆದರಬೇಡಿ, ಅದು ಚಿಪ್ಪಿನಲ್ಲಿ ತೇವ ಸೇರಿ ಹಾಗೆ ಕಾಣುವುದು.

ನಾನು ಕೊಟ್ಟ, ಕೆಲಸಕ್ಕೆ ಬಾರದ ಮದ್ದುಗಳು

ಮೊದಲು ಅಜ್ಜಿಯ ಸುಣ್ಣದ ತಿಳಿ. ಮಡಕೆಯಲ್ಲಿ ಸುಣ್ಣ ಕದಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಬಸಿದು ಕೊಟ್ಟೆ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಕರಗುವುದೇ 1.7 ಗ್ರಾಂನಷ್ಟು. ಅದರಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂಗೂ ಕಮ್ಮಿ. ಕೋಳಿ ದಿನಕ್ಕೆ ಕುಡಿಯುವುದು ಕಾಲು ಲೀಟರ್. ಅಲ್ಲಿಗೆ ಸಿಗುವುದು ಕಾಲು ಗ್ರಾಂ ಮಾತ್ರ, ಬೇಕಿರುವುದು ನಾಲ್ಕು. ಅದರ ಮೇಲೆ ಆ ಒಗರಿಗೆ ಕೋಳಿಗಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದವು. ನೀರು ಕಮ್ಮಿಯಾದರೆ ತಿನ್ನುವುದೂ ಕಮ್ಮಿ. ತಿಳಿ ಬಿಟ್ಟು ಅಡಿಯ ಗಟ್ಟಿ ಸುಣ್ಣವನ್ನೋ, ಎಲೆಗೆ ಹಚ್ಚುವ ಸುಣ್ಣವನ್ನೋ ಫೀಡಿಗೆ ಕಲಸುವುದನ್ನಂತೂ ಮಾಡಲೇಬೇಡಿ. ಅದು ಬಾಯಿ, ಗಂಟಲು ಸುಡುತ್ತದೆ. ಸುಟ್ಟ ಸುಣ್ಣ ಬೇರೆ, ಸುಣ್ಣಕಲ್ಲು ಬೇರೆ.

ಆಮೇಲೆ ರಾಗಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವರು ನಾವು. ನಿಜ, ಬೇರೆ ಕಾಳಿಗೆ ಹೋಲಿಸಿದರೆ ಜಾಸ್ತಿಯೇ. ಆದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ. ಮನುಷ್ಯರಿಗೆ ಅದು ದೊಡ್ಡ ಅಂಕಿ. ದಿನಾ ಒಂದು ಚಿಪ್ಪು ಕಟ್ಟುವ ಕೋಳಿಗೆ ಏನೂ ಅಲ್ಲ. ಲೇಯರ್ ಫೀಡ್ ತಿನ್ನುವ ಹೊಟ್ಟೆಯಲ್ಲಿ ರಾಗಿ ತುಂಬಿಸಿದರೆ ಕ್ಯಾಲ್ಸಿಯಂ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ನುಗ್ಗೆಸೊಪ್ಪೂ ಹಾಗೆಯೇ. ಒಳ್ಳೆಯದು, ಕೊಡಿ, ಹಳದಿಯ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಕೋಳಿ ತಿನ್ನುವ ಒಂದು ಹಿಡಿಯಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂನ ಹತ್ತನೇ ಒಂದು ಪಾಲೂ ಇರುವುದಿಲ್ಲ. ಪಾಲಕ್, ದಂಟಿನಂಥ ಸೊಪ್ಪುಗಳಲ್ಲಿರುವ ಆಕ್ಸಲೇಟ್ ಅನ್ನುವ ಅಂಶ, ಇದ್ದ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಅವನ್ನು ರಾಶಿಗಟ್ಟಲೆ ಹಾಕಬೇಡಿ.

ಮೂರನೆಯದು ಹಸುವಿಗೆ ಕೊಡುವ ಕ್ಯಾಲ್ಸಿಯಂ ಟಾನಿಕ್. ನೀರಿಗೆ ಬೆರೆಸಿ ಕೊಟ್ಟೆ. ನಾಲ್ಕು ದಿನ ಸ್ವಲ್ಪ ಪರವಾಗಿಲ್ಲ ಅನ್ನಿಸಿತು, ನಿಲ್ಲಿಸಿದ ವಾರಕ್ಕೆ ಮತ್ತೆ ಅದೇ ಕಥೆ. ನಿತ್ರಾಣವಾದ ಕೋಳಿಗೆ ನಾಲ್ಕು ದಿನದ ಆಸರೆ ಅಂತಾದರೆ ಸರಿ. ದಿನಾ ಮೈಗೆ ಹತ್ತಬೇಕಾದ 2 ಗ್ರಾಂ ಅನ್ನು ಬಾಟಲಿಯಿಂದ ಕೊಡುತ್ತಾ ಕೂರುವುದು ದುಡ್ಡಿಗೆ ದಂಡ.

ನಾಲ್ಕನೆಯದೇ ನನ್ನನ್ನು ಚೆನ್ನಾಗಿ ಯಾಮಾರಿಸಿದ್ದು. ಫೀಡ್ ಅಂಗಡಿಯಲ್ಲಿ "ಗ್ರಿಟ್ ಕೊಡಿ" ಅಂದೆ. ಒಂದು ಚೀಲ ಕೊಟ್ಟರು. ಬೂದು ಬಣ್ಣದ ಸಣ್ಣ ಕಲ್ಲು. ಕೋಳಿಗಳು ಚೆನ್ನಾಗಿಯೇ ಕುಕ್ಕಿದವು. ಮೂರು ವಾರ ಕಳೆದರೂ ಚಿಪ್ಪು ಮಾತ್ರ ಹಾಗೇ. ಒಂದು ಸಂಜೆ ನಿಂಬೆ ಹಿಂಡುತ್ತಿದ್ದಾಗ ಯಾಕೋ ಹೊಳೆಯಿತು. ಆ ಗ್ರಿಟ್ ಒಂದು ಚಮಚ ಕುಟ್ಟಿ ಪುಡಿ ಮಾಡಿ ಒಂದು ತಟ್ಟೆಯಲ್ಲಿ ಹಾಕಿದೆ. ಪಕ್ಕದಲ್ಲಿ ಇನ್ನೊಂದು ತಟ್ಟೆಯಲ್ಲಿ ಪುಡಿ ಮಾಡಿದ ಮೊಟ್ಟೆ ಸಿಪ್ಪೆ. ಎರಡರ ಮೇಲೂ ನಿಂಬೆರಸ ಹಿಂಡಿದೆ. ಸಿಪ್ಪೆಯ ಪುಡಿ ಸೋಡಾದ ಹಾಗೆ ಸುರ್ರೆಂದು ನೊರೆ ಬಂತು. ಗ್ರಿಟ್ ಪುಡಿ ಒದ್ದೆಯಾಗಿ ಸುಮ್ನೆ ಕೂತಿತ್ತು. ಒಂದು ಗುಳ್ಳೆಯೂ ಇಲ್ಲ. ನಾನು ಮೂರು ವಾರ ಹಾಕಿದ್ದು ಗ್ರಾನೈಟ್ ಚೂರು, ಮನೆ ಕಟ್ಟುವ ಜಲ್ಲಿಯ ತಮ್ಮ.

ಅಂಗಡಿಯವರು ಮೋಸ ಮಾಡಿದರು ಅಂತ ಹೇಳುತ್ತಿಲ್ಲ. ಗ್ರಿಟ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಮಾರುತ್ತಾರೆ. ಒಂದು ಕರಗದ ಕಲ್ಲು. ಅದು ಕೋಳಿಗೆ ಹಲ್ಲಿನ ಬದಲು, ಹೊಟ್ಟೆಯಲ್ಲಿ ಕಾಳು ಅರೆಯುವುದಕ್ಕೆ. ಮಣ್ಣಲ್ಲಿ ಓಡಾಡುವ ಕೋಳಿ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ಇನ್ನೊಂದು ಕರಗುವ ಸುಣ್ಣಕಲ್ಲು ಅಥವಾ ಕಪ್ಪೆಚಿಪ್ಪಿನ ಚೂರು. ನಮಗೆ ಬೇಕಿರುವುದು ಇದು. ಕೇಳುವಾಗ "ಶೆಲ್ ಗ್ರಿಟ್" ಅಂತ ಬಿಡಿಸಿ ಕೇಳಿ, ಮನೆಗೆ ತಂದು ನಿಂಬೆರಸ ಹಾಕಿ ನೋಡಿ. ಗುಳ್ಳೆ ತುಂಬಾ ನಿಧಾನಕ್ಕೆ, ಒಂದೆರಡೇ ಬಂದರೆ ಅದು ಡಾಲಮೈಟ್ ಇರಬಹುದು. ಅದರಲ್ಲಿ ಮೆಗ್ನೀಸಿಯಂ ಜಾಸ್ತಿ, ಕೋಳಿಗೆ ಬೇಡ. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಅಂತ ಬಿಳಿ ಪುಡಿಯೂ ಸಿಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಜೊತೆ ರಂಜಕ ಸೇರಿರುತ್ತದೆ. ರಂಜಕ ಜಾಸ್ತಿಯಾದರೆ ಚಿಪ್ಪು ಇನ್ನೂ ತೆಳುವಾಗುತ್ತದೆ.

ಯಾವಾಗ ಕೊಡುವುದು ಅನ್ನುವುದರಲ್ಲೇ ಇದೆ

ಸರಿಯಾದ ಗ್ರಿಟ್ ತಂದ ಮೇಲೂ ನಾನು ಇನ್ನೊಂದು ತಪ್ಪು ಮಾಡಿದೆ. ನುಣ್ಣಗೆ ಕುಟ್ಟಿ ಬೆಳಗಿನ ಫೀಡಿಗೆ ಕಲಸಿದೆ. ಪುಡಿಯಾದರೆ ಬೇಗ ಮೈಗೆ ಹತ್ತುತ್ತೆ ಅಂತ ನನ್ನ ಬುದ್ಧಿ. ಆಗಬಾರದ್ದು ಅದೇ.

ಕೋಳಿಗೆ ಒಂದು ಮೊಟ್ಟೆ ಕಟ್ಟಲು 24–26 ಗಂಟೆ ಬೇಕು. ಹಳದಿ ಇಳಿದು, ಬಿಳಿ ಸುತ್ತಿಕೊಂಡು, ಪೊರೆ ಹೊದ್ದುಕೊಳ್ಳುವುದಕ್ಕೆ ನಾಲ್ಕೈದು ಗಂಟೆ. ಉಳಿದ ಸುಮಾರು 20 ಗಂಟೆ ಬರೀ ಚಿಪ್ಪಿನ ಕೆಲಸ. ಬೆಳಿಗ್ಗೆ ಮೊಟ್ಟೆ ಇಡುವ ಕೋಳಿ ಚಿಪ್ಪಿನ ಮುಖ್ಯ ಭಾಗ ಕಟ್ಟುವುದು ರಾತ್ರಿ. ಗಳದ ಮೇಲೆ ಕಣ್ಣು ಮುಚ್ಚಿ ಕೂತಿದೆ, ಏನೂ ತಿನ್ನುತ್ತಿಲ್ಲ, ಒಳಗೆ ಮಾತ್ರ ಕೆಲಸ ಭರದಿಂದ ನಡೆಯುತ್ತಿದೆ. ಬೆಳಿಗ್ಗೆ ತಿಂದ ಸುಣ್ಣದ ಪುಡಿ ಅಷ್ಟೊತ್ತಿಗೆ ಹೊಟ್ಟೆ ದಾಟಿ ಹಿಕ್ಕೆಯಾಗಿ ಹೋಗಿರುತ್ತದೆ. ಕರುಳು ಖಾಲಿ. ಆಗ ಮೂಳೆಗೆ ಕೈ ಹಾಕುತ್ತದೆ.

ಅದೇ ಸಂಜೆ 4 ಗಂಟೆಯ ಮೇಲೆ, 2ರಿಂದ 4 ಮಿಲಿಮೀಟರ್ ಗಾತ್ರದ ಚೂರು ತಿಂದರೆ? ಆ ಚೂರು ಕಾಳು ಅರೆಯುವ ಹೊಟ್ಟೆಯಲ್ಲಿ, ಅದೇ ಚಿಕನ್ ಅಂಗಡಿಯಲ್ಲಿ ಗಿಜರ್ಡ್ ಅನ್ನುತ್ತಾರಲ್ಲ ಅದರಲ್ಲಿ, ಸಿಕ್ಕಿಕೊಂಡು ಕೂರುತ್ತದೆ. ಹುಳಿಯಲ್ಲಿ ನಿಧಾನಕ್ಕೆ ಕರಗುತ್ತಾ ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕ್ಯಾಲ್ಸಿಯಂ ಬಿಡುತ್ತದೆ. ರಾತ್ರಿ ಒಲೆಯಲ್ಲಿ ಪುರಲೆ ಹಾಕಿದರೆ ಭಗ್ಗೆಂದು ಉರಿದು ಆರುತ್ತದೆ, ಮರದ ಕೊರಡು ಬೆಳಗಿನವರೆಗೂ ಕೆಂಡ ಇಟ್ಟುಕೊಳ್ಳುತ್ತದೆ ಅಲ್ವಾ, ಹಾಗೆ.

ಇದನ್ನು ಕೋಳಿಗೆ ನಾವು ಕಲಿಸಬೇಕಿಲ್ಲ. ಬೇರೆ ಬಟ್ಟಲಲ್ಲಿ ಗ್ರಿಟ್ ಇಟ್ಟು ಸುಮ್ನೆ ನೋಡಿ. ಬೆಳಿಗ್ಗೆ ಬಟ್ಟಲ ಹತ್ತಿರ ಬರುವುದೇ ಇಲ್ಲ. ಸಂಜೆಯಾದರೆ ಸಾಕು, ಮೊಟ್ಟೆ ಇಡುವ ಕೋಳಿಗಳು ಮಾತ್ರ ಬಂದು, ಕುತ್ತಿಗೆ ಓರೆ ಮಾಡಿ, ಒಂದೊಂದೇ ಚೂರು ಆರಿಸಿ ನುಂಗುತ್ತವೆ. ಹುಂಜ ಒಂದು ಚೂರು ಬಾಯಿಗೆ ಹಾಕಿ ಉಗಿದು ಹೋಗುತ್ತಾನೆ. ಬೇರೆ ಬಟ್ಟಲು ಅನ್ನುವುದಕ್ಕೆ ಕಾರಣವೂ ಇದೇ. ಫೀಡಿಗೆ ಕಲಸಿದರೆ ಹುಂಜಕ್ಕೂ, ಮರಿಗಳಿಗೂ ಬೇಡದಿದ್ದರೂ ಹೊಟ್ಟೆಗೆ ಹೋಗುತ್ತದೆ. ಬೆಳೆಯುವ ಮರಿಗೆ ಬೇಕಿರುವುದು ನೂರಕ್ಕೆ ಒಂದು ಪಾಲು ಕ್ಯಾಲ್ಸಿಯಂ. ಲೇಯರ್ ಫೀಡನ್ನೇ ದಿನಾ ಹಾಕಿದರೆ ಮರಿಯ ಮೂತ್ರಪಿಂಡ ಹಾಳಾಗಿ, ಒಳಗೆಲ್ಲ ಬಿಳಿ ಸೀಮೆಸುಣ್ಣದ ಪುಡಿಯಂತೆ ಕೂತು ಸಾಯುತ್ತವೆ. ಕಾರಣ ಗೊತ್ತಾಗದೆ ಜನ "ಯಾವುದೋ ರೋಗ" ಅಂದುಕೊಳ್ಳುತ್ತಾರೆ.

ಅಳತೆ? ದಿನಾ ಮೊಟ್ಟೆ ಇಡುವ ಒಂದು ಕೋಳಿಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಬಟ್ಟಲಲ್ಲಿ ಇರಲಿ, ಖಾಲಿಯಾದ ಹಾಗೆ ತುಂಬಿಸಿ. 5 ಗ್ರಾಂ ಚಿಪ್ಪಿನ ಚೂರಿನಲ್ಲಿ ಹತ್ತಿರ ಹತ್ತಿರ 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಹಾಗಾಗಿ ಮೇಲೆ ಹೇಳಿದ ಸಾಲ ತೀರಿಸಲು ಅಷ್ಟು ಸಾಕು. ಬಟ್ಟಲು ಮಳೆಯಲ್ಲಿ ನೆನೆಯದಿರಲಿ, ಮಣ್ಣು ಕೆದಕಿ ಹಾಕದಷ್ಟು ಎತ್ತರದಲ್ಲಿರಲಿ. ನಾನು ಗೋಡೆಗೆ ಅರ್ಧ ಪೈಪ್ ಕಟ್ಟಿದ್ದೇನೆ.

ಕರಾವಳಿಯವರಿಗೆ ಅಂಗಡಿಯೇ ಬೇಕಿಲ್ಲ. ಮರುವಾಯಿ ಅನ್ನಿ, ಬಳಚು ಅನ್ನಿ, ಊಟದ ಮೇಲೆ ಉಳಿಯುವ ಚಿಪ್ಪನ್ನು ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಕುಟ್ಟಿದರೆ ಆಯಿತು. ಚೂಪು ಚೂರು ಉಳಿಯದ ಹಾಗೆ ಜರಡಿ ಹಿಡಿಯಿರಿ. ಬಯಲುಸೀಮೆಯ ನಮಗೆ ಮೊಟ್ಟೆ ಸಿಪ್ಪೆ. ತೊಳೆದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿದು, ಅಕ್ಕಿ ನುಚ್ಚಿನ ಗಾತ್ರಕ್ಕೆ ಮುರಿಯಬೇಕು. ಅರ್ಧ ಸಿಪ್ಪೆಯನ್ನು ಹಾಗೇ ಎಸೆದರೆ "ಓಹೋ, ಇದು ತಿನ್ನುವ ವಸ್ತು" ಅಂತ ಕೋಳಿ ಕಲಿತು ಗೂಡಿನಲ್ಲಿ ಮೊಟ್ಟೆಗೇ ಕೊಕ್ಕು ಹಾಕುತ್ತದೆ. ಆದರೆ ಸಿಪ್ಪೆಯೊಂದನ್ನೇ ನಂಬಿದರೆ ಸಾಲದು. ಅದರಲ್ಲಿರುವ 2 ಗ್ರಾಂನಲ್ಲಿ ಮೈಗೆ ಹತ್ತುವುದು ಅರ್ಧ ತಾನೇ, ಪ್ರತಿ ಸುತ್ತಿಗೂ ಅರ್ಧ ನಷ್ಟ.

ಲೇಯರ್ ಫೀಡ್ ಪೂರ್ತಿ ಹಾಕುತ್ತಿದ್ದೀರಿ, ಆದರೂ ಚಿಪ್ಪು ತೆಳು ಅನ್ನುವವರು ಫೀಡರ್‌ನ ತಳ ನೋಡಿ. ಮ್ಯಾಶ್‌ನಲ್ಲಿ, ಅಂದರೆ ಪುಡಿ ಮಾಡಿದ ಫೀಡಿನಲ್ಲಿ, ಕೋಳಿ ಜೋಳದ ನುಚ್ಚನ್ನು ಆರಿಸಿ ತಿಂದು ಬೂದಿಯಂಥ ಪುಡಿಯನ್ನು ಬಿಟ್ಟಿರುತ್ತದೆ. ಆ ಪುಡಿಯಲ್ಲೇ ಸುಣ್ಣ, ವಿಟಮಿನ್ ಎಲ್ಲ ಇರುವುದು. ಅದರ ಮೇಲೆ ದಿನಾ ಹೊಸ ಫೀಡ್ ಸುರಿಯುತ್ತಾ ಹೋದರೆ ಅದು ತಳದಲ್ಲೇ ಹೆಪ್ಪುಗಟ್ಟುತ್ತದೆ. ದಿನಕ್ಕೊಮ್ಮೆ ಫೀಡರ್ ಖಾಲಿಯಾಗುವಷ್ಟೇ ಹಾಕಿ, ಉಳಿದ ಪುಡಿಗೆ ನೀರು ಚಿಮುಕಿಸಿ ಉಂಡೆ ಮಾಡಿ ಕೊಟ್ಟರೆ ಮುಗಿಬಿದ್ದು ತಿನ್ನುತ್ತವೆ.

ಕ್ಯಾಲ್ಸಿಯಂ ಸರಿ ಇದ್ದರೂ ಆಗುವ ತೊಂದರೆ

ಸಂಜೆಯ ಗ್ರಿಟ್ ಶುರು ಮಾಡಿದ ಮೇಲೆ ಮೂರ್ನಾಲ್ಕು ದಿನಕ್ಕೆ ವ್ಯತ್ಯಾಸ ಕಾಣಬೇಕು, ವಾರಕ್ಕಂತೂ ಖಂಡಿತ. ಹತ್ತು ದಿನವಾದರೂ ಇಲ್ಲ ಅಂದರೆ ಇನ್ನಷ್ಟು ಸುರಿಯಬೇಡಿ. ತೊಂದರೆ ಬೇರೆ ಕಡೆ ಇದೆ.

ನಮ್ಮ ಕಡೆ ಮಾರ್ಚ್ ಬಂತೆಂದರೆ ಮೊದಲ ಅನುಮಾನ ಬಿಸಿಲಿನ ಮೇಲೆ. ಕೋಳಿಗೆ ಬೆವರುವುದಕ್ಕೆ ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಹಾಗೆ ಉಸಿರು ಬಿಟ್ಟಾಗ ಮೈಯೊಳಗಿನ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಚಿಪ್ಪು ಅಂದರೆ ಬರೀ ಕ್ಯಾಲ್ಸಿಯಂ ಅಲ್ಲ, ಅದರ ಜೊತೆ ಕಾರ್ಬೊನೇಟ್ ಸೇರಬೇಕು. ಆ ಕಾರ್ಬೊನೇಟ್ ಬರುವುದು ಇದೇ ಅನಿಲದಿಂದ. ಕಲ್ಲಿದೆ, ಗಾರೆ ಇಲ್ಲ ಅನ್ನುವ ಹಾಗಾಗುತ್ತದೆ. ಇದರ ಜೊತೆ ಸೆಕೆಗೆ ತಿನ್ನುವುದೂ ಕಮ್ಮಿ. ಆಗ ಬೇಕಿರುವುದು ನೆರಳು, ತಣ್ಣನೆ ನೀರು, ಬೆಳಿಗ್ಗೆ ಬೇಗ ಮತ್ತು ಸಂಜೆ ತಂಪಾದ ಮೇಲೆ ಫೀಡ್. ನಾನು ಗೂಡಿನ ಶೀಟ್ ಮೇಲೆ ತೆಂಗಿನ ಗರಿ ಹೊದಿಸಿ ಮಧ್ಯಾಹ್ನ ನೀರು ಚಿಮುಕಿಸುತ್ತೇನೆ.

ನೀರು ಅಂದಾಗ ನೆನಪಾಯಿತು. ಬೋರ್‌ವೆಲ್ ನೀರು ಗಡಸು, ಅದರಲ್ಲೇ ಸುಣ್ಣ ಇರುತ್ತೆ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಸುಣ್ಣ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ನೀರು ಬಾಯಿಗೆ ಉಪ್ಪುಪ್ಪು ಅನ್ನಿಸಿದರೆ ಮಾತ್ರ ಎಚ್ಚರ. ಉಪ್ಪು ನೀರು ಚಿಪ್ಪನ್ನು ತೆಳು ಮಾಡುತ್ತದೆ, ಎಷ್ಟು ಗ್ರಿಟ್ ಹಾಕಿದರೂ ಅದು ಸರಿಹೋಗುವುದಿಲ್ಲ. ಮಳೆನೀರು ಹಿಡಿದಿಟ್ಟು ಕೊಡುವುದೇ ದಾರಿ.

ದಿನವಿಡೀ ಗೂಡಿನೊಳಗೇ ಇರುವ ಕೋಳಿಗೆ ಬಿಸಿಲು ಬೀಳದಿದ್ದರೆ ಡಿ3 ವಿಟಮಿನ್ ಸಾಲದು, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳು ದಾಟುವುದಿಲ್ಲ. ಬೂಷ್ಟು ಹಿಡಿದ ಜೋಳ, ಹಳೇ ಕಡಲೆಕಾಯಿ ಹಿಂಡಿ ಲಿವರ್ ಕೆಡಿಸಿ ಅದೇ ಕಡೆಗೆ ಕೊಂಡೊಯ್ಯುತ್ತವೆ. ರೋಗಕ್ಕೆ ಸಲ್ಫಾ ಗುಂಪಿನ ಔಷಧಿ ಕೊಟ್ಟ ದಿನಗಳಲ್ಲೂ ಮೆತ್ತನೆ ಮೊಟ್ಟೆ ಬರುವುದುಂಟು.

ಹೆದರಿಕೆಯೂ ಒಂದು ಕಾರಣ. ಕಳೆದ ದೀಪಾವಳಿಯ ಮಾರನೇ ದಿನ ನಮ್ಮಲ್ಲಿ ಎರಡು ಪೊರೆ ಮೊಟ್ಟೆ, ಒಂದು ನಡುವೆ ಪಟ್ಟಿ ಕಟ್ಟಿದ ಹಾಗೆ ಉಬ್ಬಿದ ಮೊಟ್ಟೆ. ಪಟಾಕಿಗೆ ಬೆದರಿ ಕೋಳಿ ಚಿಪ್ಪು ಮುಗಿಯುವ ಮೊದಲೇ ಹೊರಹಾಕುತ್ತದೆ, ಇಲ್ಲವೇ ತಡೆದು ಹಿಡಿಯುತ್ತದೆ. ರಾತ್ರಿ ಗೂಡಿನ ಸುತ್ತ ಮುಂಗುಸಿ, ನಾಯಿ ಸುಳಿದಾಡಿದರೂ ಇದೇ. ಎರಡು ಮೂರು ದಿನದಲ್ಲಿ ತಾನೇ ಸರಿಹೋಗುತ್ತದೆ, ಏನೂ ಮಾಡಬೇಡಿ. ಹೊಸದಾಗಿ ಮೊಟ್ಟೆ ಶುರು ಮಾಡಿದ ಎಳೆ ಯಾಟೆಯ ಮೊದಲ ಕೆಲವು ಮೊಟ್ಟೆಯೂ ಹಾಗೆ. ಜುಟ್ಟು ಕೆಂಪಾಗಿ, ಬೆನ್ನು ಮುಟ್ಟಿದರೆ ಕೂತುಬಿಡಲು ಶುರು ಮಾಡಿದಾಗಲೇ ಅದಕ್ಕೆ ಗ್ರಿಟ್ ಬಟ್ಟಲು ತೋರಿಸಿದರೆ ಒಳ್ಳೆಯದು, ಏಕೆಂದರೆ ಮೂಳೆಯೊಳಗಿನ ಆ ಚಿಲ್ಲರೆ ಡಬ್ಬಿ ತುಂಬುವುದು ಮೊದಲ ಮೊಟ್ಟೆಗೆ ಎರಡು ವಾರ ಮುಂಚೆ.

ಇವು ಯಾವುದೂ ಅಲ್ಲದೆ, ಒಂದೇ ವಾರದಲ್ಲಿ ಎಲ್ಲ ಕೋಳಿಯ ಮೊಟ್ಟೆಯೂ ಬಣ್ಣ ಬಿಳುಚಿ, ಸುಕ್ಕು ಸುಕ್ಕಾಗಿ, ಒಡೆದರೆ ಬಿಳಿ ಭಾಗ ನೀರಿನ ಹಾಗೆ ಹರಿದರೆ ಗ್ರಿಟ್ ಬಟ್ಟಲು ಬದಿಗಿಡಿ. ಸೀನು, ಗೊರಗೊರ ಸದ್ದು ಇದ್ದರೆ ಐಬಿ ಅನ್ನುವ ಉಸಿರಾಟದ ರೋಗ ಇರಬಹುದು. ಹಸಿರು ಬೇಧಿ, ಕುತ್ತಿಗೆ ತಿರುಚುವುದು ಇದ್ದರೆ ಕೊಕ್ಕರೆ ರೋಗ. ಕೋಳಿ ಗುಂಡುಕಲ್ಲಿನಂತೆ ಚೆನ್ನಾಗಿದ್ದೂ ಬಣ್ಣವಿಲ್ಲದ, ಚಿಪ್ಪಿಲ್ಲದ ಮೊಟ್ಟೆಯೇ ಸಾಲಾಗಿ ಬಂದರೆ ಇಡಿಎಸ್ (ಎಗ್ ಡ್ರಾಪ್ ಸಿಂಡ್ರೋಮ್), 1976ರಲ್ಲಿ ಮೊದಲು ವರದಿಯಾದ ವೈರಸ್ ರೋಗ. ಇವಕ್ಕೆ ಮನೆಮದ್ದಿಲ್ಲ. ಪಶು ಆಸ್ಪತ್ರೆಗೆ ಹೋಗಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕಾಯದೇ ಓಡಬೇಕಾದ ಇನ್ನೊಂದು ಸಂದರ್ಭ: ಕೋಳಿ ಬಾಲ ಇಳಿಬಿಟ್ಟು, ಪೆಂಗ್ವಿನ್ ಹಾಗೆ ನೆಟ್ಟಗೆ ನಿಂತು, ತಿಣುಕುತ್ತಾ, ಮೊಟ್ಟೆ ಇಡಲಾಗದೆ ಒದ್ದಾಡುವುದು. ಕ್ಯಾಲ್ಸಿಯಂ ಇಳಿದರೆ ಮೊಟ್ಟೆ ತಳ್ಳುವ ಮಾಂಸಖಂಡಕ್ಕೇ ಶಕ್ತಿ ಇರುವುದಿಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಹಿಂಭಾಗ ಮುಳುಗುವಂತೆ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಕತ್ತಲೆ ಮೂಲೆಯಲ್ಲಿ ಬಿಡಿ. ಹೊಟ್ಟೆ ಒತ್ತಿ ಮೊಟ್ಟೆ ಹೊರಗೆ ತೆಗೆಯಲು ಹೋಗಬೇಡಿ, ತೆಳು ಚಿಪ್ಪು ಒಳಗೇ ಒಡೆದರೆ ಕೋಳಿ ಉಳಿಯುವುದು ಕಷ್ಟ. ಒಂದೆರಡು ಗಂಟೆಯಲ್ಲಿ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ನಮ್ಮಲ್ಲಿ ಕೊನೆಗೆ ಆಗಿದ್ದು ಏನೆಂದರೆ, ನುಚ್ಚನ್ನು ಸಂಜೆಯ ಒಂದು ಹಿಡಿಗೆ ಇಳಿಸಿದೆ, ಶೆಲ್ ಗ್ರಿಟ್ ಬಟ್ಟಲು ಕಟ್ಟಿದೆ. ಮೂರು ವಾರ ಬಿಟ್ಟು ಹತ್ತು ಮೊಟ್ಟೆ ತೂಗಿದರೆ 570ಕ್ಕೆ 53 ಗ್ರಾಂ ಸಿಪ್ಪೆ. ಗಳದ ಕೆಳಗಿನ ಬಲೂನು ನಿಂತಿತು. ಒಂದು ಬಿವಿ ಮಾತ್ರ ಈಗಲೂ ಒರಟು ಗೆರೆಯ, ತುದಿ ತೆಳುವಾದ ಮೊಟ್ಟೆಯೇ ಇಡುತ್ತದೆ. ಮೂರನೇ ವರ್ಷದ ಕೋಳಿ. ವಯಸ್ಸಾದಂತೆ ಮೊಟ್ಟೆ ದೊಡ್ಡದಾಗುತ್ತದೆ, ಮೇಲೆ ಬಳಿಯುವ ಸುಣ್ಣ ಮಾತ್ರ ಅಷ್ಟೇ ಇರುತ್ತದೆ. ಅದಕ್ಕೆ ಏನು ಮಾಡಿದರೂ ಇಷ್ಟೇ. ಅದರ ಮೊಟ್ಟೆಯನ್ನು ಡಬ್ಬಕ್ಕೆ ಹಾಕುವುದಿಲ್ಲ, ಸಿಕ್ಕಿದ ದಿನವೇ ಆಮ್ಲೆಟ್. ಬಿರುಕಿಲ್ಲದ್ದನ್ನು ಚೆನ್ನಾಗಿ ಬೇಯಿಸಿದರೆ ತಿನ್ನಲು ಏನೂ ತೊಂದರೆ ಇಲ್ಲ. ಒಡೆದು ಹಿಕ್ಕೆ ತಾಗಿದ್ದನ್ನು ಮಾತ್ರ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಕೋಳಿಗಳು ರುಚಿ ನೋಡುವ ಮೊದಲೇ.